ಗಂಟೆಗೆ ಎಷ್ಟು ಕೆಜಿ? ಟ್ರಾಲ್ ಸರ್ವೇ ಮಾಡಿದ ಅನುಭವ

ಫಿಶರೀಸ್ ಓದಿ ಮುಗಿಸಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರ್ಕೊಂಡಾಗ ನನಗೆ ಕೊಟ್ಟ ಕೆಲ್ಸ ಹೇಳೋಕೆ ತುಂಬಾ ಸುಲಭ. ಕರಾವಳಿಯ ಟ್ರಾಲ್ ಬೋಟ್‌ಗಳು (ಸಮುದ್ರದ ತಳದಲ್ಲಿ ಚೀಲದಂಥ ಬಲೆ ಎಳೆದು ಮೀನು ಹಿಡಿಯೋ ಬೋಟ್‌ಗಳು) ಗಂಟೆಗೆ ಎಷ್ಟು ಕೆಜಿ ಮೀನು ಹಿಡೀತಿದಾವೆ ಅಂತ ಬರ್ಕೊಂಡು ಬರೋದು, ಅಷ್ಟೇ. ನಮ್ಮೂರು ತಿಪಟೂರು ಕಡೆ, ಕೆರೆ ಮೀನು ಬಿಟ್ರೆ ಬೇರೆ ಮೀನಿನ ಮುಖ ನೋಡದ ಜನ, ಅಪ್ಪ "ಮೀನು ತೂಕ ಹಾಕೋಕೂ ಸಂಬಳ ಕೊಡ್ತಾರೇನಪ್ಪಾ" ಅಂತ ಕೇಳಿ ಸುಮ್ನಾದ್ರು. ಆ "ಗಂಟೆಗೆ ಎಷ್ಟು" ಅನ್ನೋದರಲ್ಲಿ ಕೆಜಿಗಿಂತ ಗಂಟೆನೇ ದೊಡ್ಡ ತಲೆನೋವು ಅನ್ನೋದು ಅಪ್ಪಂಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.

ಮೊದಲ ಕೆಲ ತಿಂಗಳು ಪೂರ್ತಿ ಮಂಗಳೂರು ದಕ್ಕೆಯಲ್ಲೇ (ಬೋಟ್‌ಗಳು ಬಂದು ಮೀನು ಇಳಿಸೋ ಜಾಗ). ಬೆಳಗಿನ ಜಾವಕ್ಕೇ ಬೋಟ್‌ಗಳು ಸಾಲಾಗಿ ನಿಂತಿರ್ತಾವೆ, ಮೀನು ಖಾಲಿ ಮಾಡೋ ಗಲಾಟೆ, ಏಲಂ ಕೂಗೋ ಗಲಾಟೆ, ಐಸ್ ಪುಡಿ ಮಾಡೋ ಮೆಷಿನ್ ಗಲಾಟೆ, ಅದರ ಮಧ್ಯೆ ಕ್ಲಿಪ್ ಬೋರ್ಡ್ ಹಿಡ್ಕೊಂಡು ಗಂಬೂಟ್ ಹಾಕ್ಕೊಂಡು ನಾನು. ಅಷ್ಟೂ ಬೋಟ್ ನೋಡೋಕೆ ಆಗಲ್ಲ. ಅದಕ್ಕೆ ಸಿಎಂಎಫ್‌ಆರ್‌ಐನವರು (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ದೇಶದ ಇಡೀ ಕರಾವಳಿಗೆ ಬಳಸೋ ಒಂದು ಸ್ಯಾಂಪ್ಲಿಂಗ್ ಪದ್ಧತಿ ಇದೆ, ನಾವೂ ಅದನ್ನೇ ಹಿಡ್ಕೊಂಡಿದ್ವಿ. ಬಂದಿರೋದು ಹದಿನೈದು ಬೋಟ್ ಒಳಗಿದ್ರೆ ಎಲ್ಲವನ್ನೂ ನೋಡ್ಬೇಕು, 20ರಿಂದ 29 ಇದ್ರೆ ಎರಡಕ್ಕೊಂದು, 30ರಿಂದ 39 ಇದ್ರೆ ಮೂರಕ್ಕೊಂದು, 50 ದಾಟಿದ್ರೆ ಐದಕ್ಕೊಂದು. ನಮಗೆ ಪರಿಚಯ ಇರೋ ಬೋಟ್, ಚಾ ಕೊಡಿಸೋ ಬೋಟ್ ಅಂತ ಆರಿಸೋ ಹಾಗಿಲ್ಲ. ಐದನೇದು ಅಂದ್ರೆ ಐದನೇದು, ಅದರ ಓನರ್ ನಮ್ಮನ್ನ ನೋಡಿದ ಕೂಡಲೇ ಮುಖ ಗಂಟು ಹಾಕ್ಕೊಳೋ ಆಸಾಮಿ ಆಗಿದ್ರೂ.

ಮುಖ ಗಂಟು ಹಾಕ್ಕೊಳೋದ್ರಲ್ಲಿ ಅವರ ತಪ್ಪೂ ಇಲ್ಲ ಬಿಡಿ. ಬೋಟ್‌ನವರಿಗೆ ತೆರಿಗೆ ಇಲ್ಲದ ಡೀಸೆಲ್ ಕೋಟಾ ಮೇಲೆ ಸಿಗುತ್ತೆ, ಯಾರೋ ಬಂದು ಎಷ್ಟು ಗಂಟೆ ಓಡಿಸಿದ್ರಿ ಎಷ್ಟು ಹಿಡಿದ್ರಿ ಅಂತ ಕೇಳಿದ್ರೆ ಅದಕ್ಕೇ ಏನೋ ಕತ್ತರಿ ಬೀಳುತ್ತೆ ಅನ್ನೋ ಡೌಟು. ಒಬ್ರು ವಯಸ್ಸಾದ ತಾಂಡೇಲರು (ಬೋಟ್ ನಡೆಸೋರನ್ನ ಇಲ್ಲಿ ಹಾಗೇ ಕರೆಯೋದು) ಸುಮಾರು ದಿನ ನೋಡಿ ನೋಡಿ ಕೊನೆಗೆ ಕೇಳೇ ಬಿಟ್ರು, "ಎಂತ ಬರಿಯುದು ಮಾರಾಯ್ರೆ ನೀವು ದಿನಾ? ಟ್ಯಾಕ್ಸ್‌ಗೆ ಉಂಟಾ ಇದು?" ನಾನು, "ಇಲ್ಲ ಅಣ್ಣ, ಸಮುದ್ರದಲ್ಲಿ ಮೀನು ಕಮ್ಮಿ ಆಗಿದ್ಯಾ ಜಾಸ್ತಿ ಆಗಿದ್ಯಾ ನೋಡೋಕೆ" ಅಂದೆ. "ಅದಕ್ಕೆ ಎಂತಕ್ಕೆ ಬರಿಯುದು, ನನ್ನತ್ರ ಕೇಳಿದ್ರೆ ಆಯ್ತಲ್ಲ, ಕಮ್ಮಿ ಆಗಿದೆ." ಅಷ್ಟೇ. ಆಮೇಲಿಂದ ಅವರ ಬೋಟ್ ಬಂದ್ರೆ ನನಗೆ ಮಾಹಿತಿಗೆ ಏನೂ ತೊಂದ್ರೆ ಇರ್ಲಿಲ್ಲ.

ಈಗ ಗಂಟೆ ವಿಷಯಕ್ಕೆ ಬರ್ತೀನಿ. ದಿನಾ ಹೋಗಿ ಸಂಜೆ ಬರೋ ಸಣ್ಣ ಟ್ರಾಲ್ ಬೋಟ್‌ಗಳದ್ದು ಲೆಕ್ಕ ಸುಲಭ. ತಲೆನೋವು ವಾರಗಟ್ಲೆ ಆಳಸಮುದ್ರದಲ್ಲೇ ಇರೋ ದೊಡ್ಡ ಬೋಟ್‌ಗಳದ್ದು. ಉದಾಹರಣೆಗೆ ಒಂದು ಬೋಟ್ ಎಂಟು ದಿನಕ್ಕೆ ಹೋಯ್ತು ಅಂತ ಇಟ್ಕೊಳಿ. ಹೋಗಿ ಬರೋಕೆ ಒಂದು ದಿನ ತೆಗೆದ್ರೆ ಏಳು ದಿನ ಮೀನುಗಾರಿಕೆ, ದಿನಕ್ಕೆ ಐದು ಸಲ ಬಲೆ, ಸಲಕ್ಕೆ ಮೂರು ಗಂಟೆ ಎಳೆದ್ರೆ ಒಟ್ಟು 105 ಗಂಟೆ. ತಂದಿದ್ದು 6300 ಕೆಜಿ ಆದ್ರೆ ಗಂಟೆಗೆ 60 ಕೆಜಿ. ಅದೇ ಮೀನನ್ನ ಬಂದರು ಬಿಟ್ಟು ಬಂದರಿಗೆ ವಾಪಸ್ ಬರೋವರೆಗಿನ 192 ಗಂಟೆಗೆ ಭಾಗಿಸಿದ್ರೆ 33ರ ಹತ್ರ ಬರುತ್ತೆ. ಎರಡೂ ಸುಳ್ಳಲ್ಲ, ಆದ್ರೆ ಒಂದು ವರ್ಷ ಒಂದು ರೀತಿ ಇನ್ನೊಂದು ವರ್ಷ ಇನ್ನೊಂದು ರೀತಿ ಬರೆದ್ರೆ ಸಮುದ್ರದಲ್ಲಿ ಮೀನು ಅರ್ಧಕ್ಕರ್ಧ ಕಮ್ಮಿ ಆಯ್ತು ಅಂತ ಪೇಪರ್‌ನಲ್ಲಿ ಬಂದುಬಿಡುತ್ತೆ. ಹಾಗಾಗಿ ನಾವು ಬಲೆ ನೀರಲ್ಲಿ ಎಳೆದ ಗಂಟೆ ಮಾತ್ರ ತಗೊಳೋದು, ಅದಕ್ಕೆ ಪ್ರತಿ ತಾಂಡೇಲನ ಹತ್ರ ಕೂತು ಎಷ್ಟು ಬಲೆ, ಯಾವ ಆಳ, ಹಗಲಾ ರಾತ್ರಿನಾ, ಮಧ್ಯೆ ಇಂಜಿನ್ ಕೆಟ್ಟಿತ್ತಾ, ಗಾಳಿ ಅಂತ ಎಲ್ಲಾದ್ರೂ ಲಂಗರು ಹಾಕಿದ್ರಾ ಅಂತ ಒಂದೊಂದೇ ಕೇಳ್ಬೇಕು. ಅವರು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲ್ಲ, ಮನೆಗೆ ಹೋದ್ರೆ ಸಾಕಾಗಿರುತ್ತೆ. ಕಲಾಸಿಗಳಲ್ಲಿ (ಬೋಟ್‌ನ ಕೆಲಸಗಾರರು) ಒಡಿಶಾದೋರು, ಆಂಧ್ರದೋರು, ಕನ್ಯಾಕುಮಾರಿ ಕಡೆಯೋರು ಇರ್ತಾರೆ, ನನ್ನ ಅರೆಬರೆ ತುಳುವೂ ಅಲ್ಲಿ ನಡಿಯಲ್ಲ, ಕೈ ಬೆರಳಲ್ಲೇ ಮಾತು.

ಇನ್ನೊಂದು ವಿಷಯ ದಕ್ಕೆಯಲ್ಲಿ ನಿಂತು ನೋಡಿದ್ರೆ ಗೊತ್ತೇ ಆಗಲ್ಲ. ಮುಕ್ಕ, ಉಳ್ಳಾಲದ ಕಡೆ ಫಿಶ್‌ಮೀಲ್ (ಮೀನಿನ ಪುಡಿ) ಫ್ಯಾಕ್ಟರಿಗಳಿವೆ, ತಿನ್ನೋಕೆ ಬಾರದ ಸಣ್ಣಪುಟ್ಟ ಮೀನು, ಮರಿ ಮೀನು, ಏಡಿ ಎಲ್ಲಾ ಅಲ್ಲಿಗೆ ಲಾರಿಯಲ್ಲಿ ಹೋಗುತ್ತೆ. ಬೋಟ್‌ನಿಂದ ಇಳಿಸೋ ಆ ಟ್ರ್ಯಾಶ್ ರಾಶಿ ನೋಡಿ ಇಡೀ ಟ್ರಿಪ್‌ದು ಇಷ್ಟೇ ಅಂತ ಬರ್ಕೊಂಡ್ರೆ ಕಥೆ ಮುಗೀತು, ಯಾಕಂದ್ರೆ ಅದು ಸಾಮಾನ್ಯವಾಗಿ ಕೊನೆಯ ಒಂದೆರಡು ದಿನದ್ದು ಮಾತ್ರ. ಮೊದಲ ದಿನಗಳಲ್ಲಿ ಸಿಕ್ಕಿದ್ದನ್ನ ಐಸ್ ಹಾಕಿ ಇಟ್ರೆ ಒಳ್ಳೆ ಮೀನಿಗೆ ಜಾಗ ಎಲ್ಲಿ, ಐಸ್ ಎಲ್ಲಿ? ವಾಪಸ್ ಸಮುದ್ರಕ್ಕೇ ಎಸೀತಾರೆ. ಸತ್ತ ಮೀನೇ. ಅಂದ್ರೆ ಬಲೆಗೆ ಬಿದ್ದಿದ್ದು ಬೇರೆ, ದಕ್ಕೆಗೆ ಬಂದಿದ್ದು ಬೇರೆ. ದಕ್ಕೆ ಅಂಕಿ ಮಾತ್ರ ನಂಬ್ಕೊಂಡು ಸಮುದ್ರದಲ್ಲಿ ಎಷ್ಟು ಮೀನಿದೆ ಅಂತ ಹೇಳೋಕೆ ಹೊರಟವರನ್ನ ನೋಡಿದ್ರೆ ನನಗೆ ಈಗ್ಲೂ ಸ್ವಲ್ಪ ಸಿಟ್ಟೇ ಬರುತ್ತೆ.

ಅದಕ್ಕೇ ಸರ್ವೇ ಹಡಗು ಅನ್ನೋದೊಂದು ಬೇಕಾಗೋದು. ನಮ್ಮ ದೇಶದಲ್ಲಿ ಈ ಕೆಲ್ಸ 1946ರಲ್ಲಿ ಮುಂಬೈನಲ್ಲಿ ಡೀಪ್ ಸೀ ಫಿಶಿಂಗ್ ಸ್ಟೇಷನ್ ಅಂತ ಶುರುವಾಯ್ತು, ಅದೇ ಮುಂದೆ 1983ರಲ್ಲಿ ಫಿಶರಿ ಸರ್ವೇ ಆಫ್ ಇಂಡಿಯಾ ಆಯ್ತು. ನನಗೂ ಒಂದು ಸರ್ವೇ ಹಡಗಲ್ಲಿ ಹೋಗೋ ಅವಕಾಶ ಸಿಕ್ತು. ಗೋವಾ ಕಡೆಯಿಂದ ಹೊರಟು ಕಾರವಾರ, ಹೊನ್ನಾವರ, ಭಟ್ಕಳ ಎದುರಿನ ಸಮುದ್ರದಲ್ಲಿ ಕೆಳಗಿಳೀತಾ ಬರೋದು ಪ್ಲ್ಯಾನ್. ಮೊದಲ ರಾತ್ರಿ ಹೊಟ್ಟೆಯಲ್ಲಿದ್ದಿದ್ದೆಲ್ಲಾ ಹೊರಗೆ, ಅದು ಎಲ್ಲರಿಗೂ ಆಗೋದೇ, ಅದರ ಬಗ್ಗೆ ಜಾಸ್ತಿ ಬರೆಯೋದು ಬೇಡ.

ಇಲ್ಲಿ ಬಲೆ ಹಾಕೋ ಜಾಗ ಕ್ಯಾಪ್ಟನ್ ಇಷ್ಟದ ಮೇಲೆ ಅಲ್ಲ. ಸಮುದ್ರನ ಅಕ್ಷಾಂಶ ರೇಖಾಂಶದ ಚೌಕ ಮಾಡಿ, ಆಳದ ಪ್ರಕಾರ ಭಾಗ ಮಾಡಿ (30ರಿಂದ 50 ಮೀಟರ್, 50ರಿಂದ 100, 100ರಿಂದ 200 ಹೀಗೆ), ಪ್ರತಿ ಭಾಗದಲ್ಲೂ ಯಾವ ಯಾವ ಚೌಕದಲ್ಲಿ ಎಳೀಬೇಕು ಅಂತ ಹೊರಡೋಕೆ ಮುಂಚೆನೇ ಗೊತ್ತು ಮಾಡಿರ್ತಾರೆ. ಅಲ್ಲಿ ಮೀನು ಇರುತ್ತೆ ಅನ್ನೋ ನಂಬಿಕೆ ಇರ್ಲಿ ಬಿಡ್ಲಿ ಹೋಗಿ ಎಳೀಲೇಬೇಕು. ಪಕ್ಕದಲ್ಲೇ ಹತ್ತು ಮಲ್ಪೆ ಬೋಟ್‌ಗಳು ಸುತ್ತು ಹಾಕ್ತಾ ಇದ್ರೂ, ಎಕೋ ಸೌಂಡರ್‌ನಲ್ಲಿ (ಶಬ್ದ ಕಳಿಸಿ ಕೆಳಗಿರೋ ಮೀನು ತೋರಿಸೋ ಮೆಷಿನ್) ದಪ್ಪ ಮಾರ್ಕ್ ಕಂಡ್ರೂ ಆ ಕಡೆ ತಿರುಗಿಸೋ ಹಾಗಿಲ್ಲ. ಡೆಕ್‌ನಲ್ಲಿ ಕೆಲ್ಸ ಮಾಡೋ ಹಳೇ ಕೈಗಳಿಗೆ ಇದು ಎಷ್ಟು ವರ್ಷ ಆದ್ರೂ ಒಪ್ಪಲ್ಲ, ಹೊಟ್ಟೆ ಉರ್ಕೊಂಡೇ ಬಲೆ ಬಿಡ್ತಾರೆ.

ಬಲೆ ಬಿಡೋದು ನೋಡೋಕೆ ಚೆನ್ನಾಗಿರುತ್ತೆ. ಮೊದಲು ಹಿಂದಿನ ಚೀಲ ನೀರಿಗೆ, ಅದನ್ನೇ ಕಾಡ್ ಎಂಡ್ ಅನ್ನೋದು, ಆಮೇಲೆ ಬಲೆಯ ಹೊಟ್ಟೆ, ರೆಕ್ಕೆ, ಕೊನೆಗೆ ಎರಡು ಕಡೆ ಭಾರದ ಬೋರ್ಡ್‌ಗಳು. ನೀರಿನ ಒತ್ತಡಕ್ಕೆ ಆ ಬೋರ್ಡ್ ಎರಡೂ ದೂರ ದೂರ ಸರಿದು ಬಲೆ ಬಾಯಿ ತೆಗಿಯುತ್ತೆ. 60 ಮೀಟರ್ ಆಳಕ್ಕೆ ಸುಮಾರು 250ರಿಂದ 300 ಮೀಟರ್ ವೈರ್ ರೋಪ್ ಬಿಡ್ತಾರೆ, ಕಮ್ಮಿ ಆದ್ರೆ ಬಲೆ ತಳ ಮುಟ್ಟಲ್ಲ, ಜಾಸ್ತಿ ಆದ್ರೆ ಬೋರ್ಡ್ ಕೆಸರಲ್ಲಿ ಹೂತ್ಕೊಳುತ್ತೆ. ವಿಂಚ್ (ವೈರ್ ಸುತ್ತೋ ಮೆಷಿನ್) ಬ್ರೇಕ್ ಬಿದ್ದು, ಬಲೆ ತಳದಲ್ಲಿ ಕೂತು, ಹಡಗು ಮೂರು ನಾಟ್ ವೇಗಕ್ಕೆ ಬಂದ ಮೇಲೆ ಬ್ರಿಡ್ಜ್‌ನಿಂದ ಕೂಗ್ತಾರೆ, ಆ ಕ್ಷಣಕ್ಕೆ ವಾಚ್ ಒತ್ತಬೇಕು. ಮತ್ತೆ ವಿಂಚ್ ಎಳೆಯೋಕೆ ಶುರು ಮಾಡಿದ ಕ್ಷಣಕ್ಕೆ ನಿಲ್ಲಿಸಬೇಕು. ದಕ್ಕೆಯಲ್ಲಿ "ಮೂರು ಗಂಟೆ ಎಳೆದ್ವಿ" ಅಂತ ಹೇಳ್ತಾರಲ್ಲ, ಅದರಲ್ಲಿ ಬಿಡೋ ಹೊತ್ತು ಎತ್ತೋ ಹೊತ್ತು ಎಲ್ಲಾ ಸೇರಿರುತ್ತೆ. ಇಲ್ಲಿ ನಿಮಿಷ ನಿಮಿಷದ ಲೆಕ್ಕ.

ಚೀಲದ ಗಂಟು ಬಿಚ್ಚಿದ ಕೂಡಲೇ ರಾಶಿ ಡೆಕ್ ಮೇಲೆ ಜಾರುತ್ತೆ. ಪಿಂಕ್ ಪರ್ಚ್ ಅಂತ ಪುಸ್ತಕದಲ್ಲಿ ಓದಿದ್ದ ಮದ್ಮಾಲ್, ಅರಣೆ ಮೀನು, ಕಣ್ಣು ದಪ್ಪ ಇರೋ ಕೆಂಪು ಡಿಸ್ಕೋ ಮೀನು, ಬೆಳ್ಳಿ ಪಟ್ಟಿ ತರ ಪಾಂಬೊಲ್, ಕಪ್ಪೆ ಬೊಂಡಾಸ್, ಅದು ಉಗುಳಿದ ಮಸಿ, ನಂಗ್, ಏಡಿ, ಕೈಗೆ ಚುಚ್ಚೋ ಸ್ಕ್ವಿಲ್ಲಾ. ಒಂದು ಸಲ ಪೂರ್ತಿ ಕಾರ್ಗಿಲ್ ಮೀನೇ ಬಂದಿತ್ತು, ಕಪ್ಪು ನೀಲಿ ಬಣ್ಣ, ಕೆಂಪು ಹಲ್ಲು, ಬಲೆ ಕಚ್ಚಿ ಹಾಳು ಮಾಡೋದು ಅಂತ ಡೆಕ್‌ನವರು ಬೈತಾನೇ ಬಾಚಿದ್ರು. ಚಳಿ ದೇಶಗಳ ಸಮುದ್ರದಲ್ಲಿ ಒಂದು ಬಲೆಯಲ್ಲಿ ಹೆಚ್ಚಿನ ಭಾಗ ಒಂದೆರಡು ಜಾತಿನೇ ಇರೋದು ಸಾಮಾನ್ಯ, ನಮ್ಮ ಕಡೆ ಒಂದೇ ಬಲೆಯಲ್ಲಿ ನಲವತ್ತು ಐವತ್ತು ಜಾತಿ ಬರುತ್ತೆ. ಪುಸ್ತಕದ ಸೂತ್ರಗಳೆಲ್ಲ ಅಲ್ಲಿ ಹುಟ್ಟಿದ್ದು, ಇಲ್ಲಿಗೆ ತಂದು ಹಾಕಿದ್ರೆ ಬಿಗಿ ಆಗೋದು ಅದಕ್ಕೇ.

ಮೊದಲು ದೊಡ್ಡದನ್ನ ಆರಿಸಿ ಪೂರ್ತಿ ತೂಕ ಮಾಡ್ತೀವಿ, ತಾಟೆ, ತೊರಕೆ, ಮುರು ಇಂಥದ್ದು. ಉಳಿದಿದ್ದು 240 ಕೆಜಿ ಇದೆ ಅಂದ್ರೆ ಅದನ್ನೆಲ್ಲಾ ಕೂತು ಬೇರೆ ಮಾಡೋಕೆ ಆಗಲ್ಲ, 12 ಕೆಜಿ ಸ್ಯಾಂಪಲ್ ತಗೊಂಡು ಬೇರೆ ಮಾಡಿ ಬಂದಿದ್ದನ್ನ 20ರಿಂದ ಗುಣಿಸೋದು. ಆ 12 ಕೆಜಿ ಎಲ್ಲಿಂದ ತಗೊಂಡ್ರಿ ಅನ್ನೋದೇ ಮುಖ್ಯ. ರಾಶಿ ಜಾರುವಾಗ ಸಣ್ಣದು ಒಂದು ಕಡೆ ಸೇರುತ್ತೆ, ದೊಡ್ಡದು ಒಂದು ಕಡೆ, ಒಂದೇ ಕಡೆಯಿಂದ ಬುಟ್ಟಿ ತುಂಬಿಸಿದ್ರೆ ಇಡೀ ಸಮುದ್ರದಲ್ಲಿ ಮರಿ ಮೀನೇ ಇರೋದು ಅಂತ ಲೆಕ್ಕ ಬರುತ್ತೆ. ಅದಕ್ಕೆ ಸಲಿಕೆಯಲ್ಲಿ ಮೇಲೆ ಕೆಳಗೆ ಮಾಡಿ ಕಲೆಸಿ, ನಾಲ್ಕೈದು ಕಡೆಯಿಂದ ತುಂಬ್ಕೊಳೋದು. ತೂಕ ಮಾಡೋವಾಗ ಹಡಗು ಓಲಾಡ್ತಾ ಇರುತ್ತೆ, ತಕ್ಕಡಿ ಮುಳ್ಳು 10ರಿಂದ 14ಕ್ಕೆ ಹೋಗಿ ಬರ್ತಾ ಇರುತ್ತೆ, ಎರಡು ತುದಿ ನೋಡಿ ಮಧ್ಯದ್ದು ಬರ್ಕೊಳೋದು ಒಂದು ಅಭ್ಯಾಸನೇ ಆಗೋಗುತ್ತೆ.

ಆಮೇಲೆ ಉದ್ದ ಅಳೆಯೋದು. ಮೀನಿನ ಮೂಗನ್ನ ಅಳತೆ ಬೋರ್ಡಿನ ತುದಿಗೆ ತಾಗಿಸಿ, ಬಾಲ ಎಲ್ಲಿಗೆ ಬರುತ್ತೆ ನೋಡಿ, ಸೆಂಟಿಮೀಟರ್ ಗುಂಪಿನಲ್ಲಿ ಗೀಟು ಹಾಕೋದು. ಕೇಳೋಕೆ ಸುಲಭ. ಮದ್ಮಾಲ್ ಬಾಲದ ಮೇಲಿನ ಭಾಗದಿಂದ ಹಳದಿ ದಾರದ ಹಾಗೆ ಒಂದು ಎಳೆ ಉದ್ದಕ್ಕೆ ಹೋಗಿರುತ್ತೆ, ಬಲೆಯಲ್ಲಿ ಉಜ್ಜಿ ಅರ್ಧ ಮೀನಿಗೆ ಅದು ಮುರಿದೇ ಹೋಗಿರುತ್ತೆ. ಅದನ್ನ ಸೇರಿಸಿ ಅಳೆದವರಿಗೆ ಒಂದು ಉದ್ದ, ಬಿಟ್ಟು ಅಳೆದವರಿಗೆ ಇನ್ನೊಂದು. ಕೇರಳದಲ್ಲಿ ಈ ಮೀನಿಗೆ ಹಿಡಿಯಬಹುದಾದ ಕನಿಷ್ಠ ಉದ್ದ 12 ಸೆಂಟಿಮೀಟರ್ ಅಂತ ನಿಯಮ ಮಾಡಿದಾರೆ, ಬಂಗುಡೆಗೆ 14, ಬೂತಾಯಿಗೆ 10. ಅಂಥ ಗೆರೆ ಹತ್ರದ ಮೀನು ಅಳೆಯೋವಾಗ ಆ ದಾರದಿಂದ ದಾಖಲೆನೇ ಬದಲಾಗುತ್ತೆ. ನಮ್ಮ ತಂಡದಲ್ಲಿ ದಾರ ಬಿಟ್ಟೇ ಅಳೆಯೋದು ಅಂತ ಮೊದಲೇ ಮಾತಾಗಿತ್ತು, ಫಾರಂ ತಲೆಯಲ್ಲೂ ದಪ್ಪಕ್ಷರದಲ್ಲಿ ಬರೆದಿತ್ತು. ಇಷ್ಟೊಂದು ಉದ್ದ ಯಾಕೆ ಅಳೀತೀವಿ ಅಂದ್ರೆ, ಚಳಿ ಸಮುದ್ರದ ಮೀನಿನ ಕಿವಿ ಕಲ್ಲಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಬೀಳುತ್ತೆ, ಎಣಿಸಿದ್ರೆ ವಯಸ್ಸು ಗೊತ್ತಾಗುತ್ತೆ. ನಮ್ಮ ಕಡೆ ವರ್ಷಪೂರ್ತಿ ನೀರು ಬೆಚ್ಚಗೇ ಇರೋದ್ರಿಂದ ಎಷ್ಟೋ ಜಾತಿಯಲ್ಲಿ ಉಂಗುರ ನಂಬೋ ಹಾಗಿರಲ್ಲ. ಸಾವಿರಾರು ಮೀನಿನ ಉದ್ದ ತಗೊಂಡು ಅದರಿಂದಲೇ ಬೆಳವಣಿಗೆ, ಸಾವಿನ ಪ್ರಮಾಣ ಎಲ್ಲಾ ಅಂದಾಜು ಮಾಡ್ಬೇಕು.

ನೇತ್ರಾಣಿ ಗುಡ್ಡದಿಂದ ಒಂದಷ್ಟು ಪಶ್ಚಿಮಕ್ಕೆ ಒಂದು ಬೆಳಿಗ್ಗೆ ಬಲೆ ಎತ್ತಿದ್ರೆ ಚೀಲದಲ್ಲಿ ಎರಡು ಏಡಿ, ಒಂದು ಪಫರ್, ಒಂದಿಷ್ಟು ಕೆಸರು. ಬಲೆ ನೋಡಿದ್ವಿ, ಎಲ್ಲೂ ಹರಿದಿಲ್ಲ, ಬೋರ್ಡಿನ ಕೆಳಗಡೆ ಉಜ್ಜಿ ಹೊಳೀತಾ ಇದೆ, ಅಂದ್ರೆ ತಳ ಮುಟ್ಟಿದೆ, ಎಲ್ಲಾ ಸರಿ ಇದೆ. ಮೀನು ಮಾತ್ರ ಇಲ್ಲ. ಅದೇ ದಿನ ಮಧ್ಯಾಹ್ನ ಇನ್ನೊಂದು ಕಡೆ ತಳದಲ್ಲಿ ಕಲ್ಲು ಸಿಕ್ಕಿ ವೈರ್ ಬಿಗಿ ಆಗಿ ಹಡಗೇ ನಿಂತ ಹಾಗಾಯ್ತು, ಎತ್ತಿದ್ರೆ ಬಲೆ ಹೊಟ್ಟೆ ಸೀಳಿ ಹೋಗಿ ಚೀಲದಲ್ಲಿ ಅಂಗೈಯಷ್ಟು ಮೀನು. ನೋಡೋಕೆ ಎರಡೂ ಖಾಲಿನೇ. ಆದ್ರೆ ಬೆಳಗಿನದ್ದನ್ನ ಹಾಗೇ ಇದ್ದಷ್ಟೇ ತೂಕ ಹಾಕಿ ಬರ್ಕೊಂಡು ಲೆಕ್ಕಕ್ಕೆ ಸೇರಿಸ್ಬೇಕು, ಮಧ್ಯಾಹ್ನದ್ದನ್ನ ಪೂರ್ತಿ ಬಿಡ್ಬೇಕು. ಬರೆಯೋಕೆ ಕೈನೇ ಬರಲ್ಲ ಆಗ. ಇಡೀ ದಿನ ಕಷ್ಟ ಪಟ್ಟು "ಏನೂ ಇಲ್ಲ" ಅಂತ ಬರೆಯೋಕೆ ಯಾರಿಗೂ ಇಷ್ಟ ಇರಲ್ಲ, ಆ ಸೊನ್ನೆಗಳನ್ನ ಮೆಲ್ಲಗೆ ಬಿಟ್ಟು ಬರೀ ಒಳ್ಳೆ ಬಲೆಗಳ ಸರಾಸರಿ ತೆಗೆದ್ರೆ ಅಂಕಿ ಎಷ್ಟು ಚೆಂದ ಬರುತ್ತೆ! ನನ್ನ ಪ್ರಕಾರ ಸರ್ವೇ ಹಡಗಿಗೆ ಸರ್ಕಾರ ಡೀಸೆಲ್ ಸುಡೋದು ಸಾರ್ಥಕ ಆಗೋದೇ ಆ ಸೊನ್ನೆಗಳಿಂದ. ಮೀನಿರೋ ಜಾಗ ಬೋಟ್‌ನವರೇ ಹೇಳ್ತಾರೆ, ಇಲ್ಲದ ಜಾಗ ದುಡ್ಡು ಕೊಟ್ಟು ಯಾರೂ ಹುಡುಕಲ್ಲ.

ರಾತ್ರಿ ಹಗಲು ಸಹ ಬೇರೆ ಬೇರೆನೇ ಇಡ್ಬೇಕು. ಬೊಂಡಾಸ್ (ಸ್ಕ್ವಿಡ್) ಹಗಲು ತಳದ ಹತ್ರ ಇದ್ದು ರಾತ್ರಿ ಮೇಲಕ್ಕೆ ಹೋಗುತ್ತೆ, ಸಿಗಡಿಯಲ್ಲಿ ಎಷ್ಟೋ ಜಾತಿ ಹಗಲು ಕೆಸರಲ್ಲಿ ಹೂತಿದ್ದು ರಾತ್ರಿ ಹೊರಗೆ ಬರುತ್ತೆ. ಮಳೆಗಾಲದಲ್ಲಂತೂ ಆಳದಿಂದ ಆಕ್ಸಿಜನ್ ಕಮ್ಮಿ ಇರೋ ತಣ್ಣನೆ ನೀರು ತೀರದ ಕಡೆ ಏರಿ ಬರುತ್ತೆ, ತಳದ ಮೀನು ಜಾಗ ಬಿಟ್ಟು ಸರಿಯುತ್ತೆ. ಆಗಸ್ಟ್ ತಿಂಗಳ ಅಂಕಿಯನ್ನ ಜನವರಿ ಅಂಕಿ ಪಕ್ಕ ಇಟ್ಟು ಜಾಸ್ತಿ ಕಮ್ಮಿ ಅಂತ ಹೇಳೋಕೆ ಬರಲ್ಲ.

ಇಷ್ಟೆಲ್ಲಾ ಆದ ಮೇಲೆ, ಸಮುದ್ರದಲ್ಲಿ ಎಷ್ಟು ಮೀನಿದೆ ಅಂತ ಅಂದಾಜು ಮಾಡೋಕೆ ಒಂದು ಗುಣಾಕಾರ. ಮೂರು ನಾಟ್ ಅಂದ್ರೆ ಗಂಟೆಗೆ ಸುಮಾರು 5.56 ಕಿಲೋಮೀಟರ್. ಬಲೆ ಬಾಯಿಯ ಮೇಲಿನ ಹಗ್ಗ 30 ಮೀಟರ್ ಇದ್ರೆ, ನೀರಲ್ಲಿ ಅದು ಅರ್ಧದಷ್ಟು ಅಗಲ ತೆಗೆದಿರುತ್ತೆ ಅಂತ ಹಿಡ್ಕೊಂಡು 15 ಮೀಟರ್. ಒಂದು ಗಂಟೆಗೆ ಬಲೆ ಗುಡಿಸಿದ ಜಾಗ 0.083 ಚದರ ಕಿಲೋಮೀಟರ್. 50 ಕೆಜಿ ಸಿಕ್ಕಿದ್ರೆ ಚದರ ಕಿಲೋಮೀಟರಿಗೆ 600 ಕೆಜಿ ಆಯ್ತು. ಬಲೆ ದಾರಿಯಲ್ಲಿದ್ದ ಮೀನಲ್ಲಿ ಅರ್ಧ ತಪ್ಪಿಸ್ಕೊಂಡಿರುತ್ತೆ ಅಂದ್ಕೊಂಡ್ರೆ 1200. ಆ "ಅರ್ಧದಷ್ಟು ಅಗಲ" ಅನ್ನೋದನ್ನ 0.4 ಅಂತ ತಗೊಂಡ್ರೆ ಮೊದಲಿನ 600 ಹೋಗಿ 750 ಆಗುತ್ತೆ, 0.66 ಅಂತ ತಗೊಂಡ್ರೆ 455ಕ್ಕೆ ಇಳಿಯುತ್ತೆ. ಮೀನು ಅಷ್ಟೇ, ಹಡಗು ಅದೇ. ಹಾಗಾಗಿ ಸಮುದ್ರದಲ್ಲಿ ಇಷ್ಟು ಲಕ್ಷ ಟನ್ ಇದೆ ಅನ್ನೋ ಒಂಟಿ ಅಂಕಿಗೆ ನಾನು ಅಷ್ಟು ಬೆಲೆ ಕೊಡಲ್ಲ. ಅದೇ ಬಲೆ, ಅದೇ ವೇಗ, ಅದೇ ಚೌಕಗಳಲ್ಲಿ ವರ್ಷ ವರ್ಷ ಎಳೆದು ಏರ್ತಾ ಇದೆಯಾ ಇಳೀತಾ ಇದೆಯಾ ಅಂತ ನೋಡೋದೇ ಇದರ ನಿಜವಾದ ಉಪಯೋಗ. ಥಾಯ್ಲೆಂಡ್ ಕೊಲ್ಲಿಯಲ್ಲಿ ಹಾಗೆ ಮಾಡಿದ್ರು, 1961ರಲ್ಲಿ ಗಂಟೆಗೆ 300 ಕೆಜಿ ಹತ್ರ ಇದ್ದಿದ್ದು 1980ರ ದಶಕಕ್ಕೆ 50ರ ಆಸುಪಾಸಿಗೆ ಬಂದಿತ್ತು. ಆ ಸರಣಿ ಇಲ್ಲದಿದ್ರೆ ಆ ಇಳಿತ ಅಷ್ಟು ಸ್ಪಷ್ಟವಾಗಿ ಯಾರಿಗೆ ಕಾಣಿಸ್ತಿತ್ತು?

ನಮ್ಮ ದಕ್ಕೆ ಅಂಕಿಯಲ್ಲಿ ಅಂಥ ಇಳಿತ ಬಚ್ಚಿಟ್ಕೊಳೋಕೆ ಬೇಕಾದಷ್ಟು ಜಾಗ ಇದೆ. ಬೋಟ್‌ಗಳ ಇಂಜಿನ್ ವರ್ಷದಿಂದ ವರ್ಷಕ್ಕೆ ದೊಡ್ಡದಾಗ್ತಾ ಬಂದಿದೆ, ಬಲೆ ದೊಡ್ಡದಾಗಿದೆ, ವೇಗ ಜಾಸ್ತಿ ಆಗಿದೆ, ಜಿಪಿಎಸ್‌ನಲ್ಲಿ ಕಲ್ಲಿನ ಪಕ್ಕ ಸರಿಯಾಗಿ ಗುರಿ ಇಟ್ಟು ಎಳೀತಾರೆ. ಎರಡು ಬೋಟ್ ಸೇರಿ ಒಂದು ಬಲೆ ಎಳೆಯೋ ಬುಲ್ ಟ್ರಾಲ್, ಲೈಟ್ ಹಾಕಿ ಹಿಡಿಯೋದು, ಎರಡನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ, ಅಂದ್ಮೇಲೆ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ, ಕೇಳಿದ್ರೆ ಯಾರೂ ಹೌದು ಅನ್ನಲ್ಲ. ಹಳೇ ಬೋಟ್‌ನ ಗಂಟೆಗೆ 60 ಕೆಜಿನೂ ಈಗಿನ ಬೋಟ್‌ನ ಗಂಟೆಗೆ 60 ಕೆಜಿನೂ ಒಂದೇ ಅಂತ ಪಕ್ಕಪಕ್ಕ ಬರೆದ್ರೆ ಮೀನು ಹಾಗೇ ಇದೆ ಅಂತ ಕಾಣುತ್ತೆ. ನಾನು ನಮ್ಮ ಪ್ರಾಜೆಕ್ಟ್ ಮೇಡಂಗೆ ಹೇಳಿ ನಮ್ಮ ಫಾರಂಗೆ ಇಂಜಿನ್ ಎಚ್‌ಪಿ, ಬಲೆ ಬಾಯಿ ಅಳತೆ, ಟ್ರ್ಯಾಶ್ ಎಷ್ಟು ದಿನದ್ದು ಅನ್ನೋ ಮೂರು ಕಾಲಂ ಸೇರಿಸಿಸಿದೆ. ಫಾರಂ ಎರಡು ಪುಟ ಆಯ್ತು ಅಂತ ಜೊತೆಯವರ ಹತ್ರ ಬೈಸ್ಕೊಂಡಿದ್ದೂ ಆಯ್ತು.

ಹಡಗಿಂದ ವಾಪಸ್ ಬಂದ ಮೇಲೆ ಆ ವಯಸ್ಸಾದ ತಾಂಡೇಲರು ಸಿಕ್ಕಿ, "ಹೇಗೆ, ಸರ್ಕಾರದ ಬೋಟಿಗೆ ಎಷ್ಟು ಸಿಕ್ಕಿತು?" ಅಂದ್ರು. ಹೇಳಿದೆ. ಬಿದ್ದು ಬಿದ್ದು ನಕ್ಕರು. "ನಮ್ಮ ಬೋಟಲ್ಲಾದ್ರೆ ಓನರು ನನ್ನನ್ನು ಇಳಿಸಿ ಮನೆಗೆ ಕಳಿಸ್ತಿದ್ರು ಮಾರಾಯ್ರೆ." ಯಾಕೆ ಹಾಗೆ ಖಾಲಿ ಜಾಗದಲ್ಲೂ ಎಳೀತೀವಿ ಅಂತ ದಕ್ಕೆ ಕಟ್ಟೆ ಮೇಲೆ ಕೂತು ವಿವರಿಸಿದೆ, ಅವರು ಬೀಡಿ ಮುಗಿಯೋವರೆಗೆ ಕೇಳಿದ್ರು. ಆಮೇಲೆ, "ಹಾಗಾದ್ರೆ ಆ ಎಂತದೂ ಸಿಕ್ಕದ ಜಾಗದ ಜಿಪಿಎಸ್ ನಂಬರ್ ಕೊಡಿ ನಂಗೆ. ಅಲ್ಲಿ ನಾವು ಡೀಸೆಲ್ ಸುಡುದು ಬೇಡ ಅಲ್ವಾ?" ಅಂದ್ರು. ಆಫೀಸಲ್ಲಿ ಕೇಳಿ, ಕೊಡಬಹುದು ಅಂದ ಮೇಲೆ ಬರ್ಕೊಟ್ಟೆ. ಬದಲಿಗೆ ಅವರು ಎರಡು ಸೀಸನ್ನಿಂದ ಬರ್ಕೊಂಡು ಬಂದಿದ್ದ ನೋಟ್ ಬುಕ್ ಕೊಟ್ರು, ಪ್ರತಿ ಬಲೆದೂ ಇದೆ, ಖಾಲಿ ಬಂದಿದ್ದೂ ಇದೆ, ನೀರಿಗೆ ಎಸೆದಿದ್ದೂ ಅಂದಾಜು ಬುಟ್ಟಿ ಲೆಕ್ಕದಲ್ಲಿ ಇದೆ. ಜಾಗದ ನಂಬರ್ ಇರೋ ಕಾಲಂ ಮೇಲೆ ಮಾತ್ರ ಮಗಳ ಕೈಲಿ ಕಪ್ಪು ಸ್ಕೆಚ್ ಪೆನ್ ಹಾಕಿಸಿದಾರೆ. ಗಂಟೆ ಇದೆ, ಕೆಜಿ ಇದೆ, ಆಳ ಇದೆ. ಸದ್ಯಕ್ಕೆ ಅದನ್ನೇ ಎಕ್ಸೆಲ್‌ಗೆ ಹಾಕ್ತಾ ಇದೀನಿ.